‘ದೋಷ ಕಂಡುಬಂದಿಲ್ಲ’ ಎಂದು ನಾನು ಬರೆದುಕೊಟ್ಟ ಚೀಟಿ

2023ರ ಬೇಸಿಗೆ. ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವಿಸ್ ಕೆಲಸ ಶುರುಮಾಡಿ ಆಗಲೇ ಇಪ್ಪತ್ತಾರು ವರ್ಷಗಳಾಗಿದ್ದವು. ಕುಕ್ಕುವಾಡದ ಒಕ್ಕಲು ಮನೆಯಲ್ಲಿ ಹುಟ್ಟಿ, ಐಟಿಐ ಓದಿ, ಬೇರೆಯವರ ಅಂಗಡಿಗಳಲ್ಲಿ ಸೋಲ್ಡರಿಂಗ್ ಹಿಡಿದು ಕೈ ಸುಟ್ಟುಕೊಂಡು, ಕೊನೆಗೆ ಸ್ವಂತ ಅಂಗಡಿ ಹಾಕಿದವನು. ಊರಿನ ಸುಮಾರು ಅರವತ್ತು ಅಂಗಡಿ, ಆಫೀಸುಗಳ ಕಂಪ್ಯೂಟರುಗಳು ನನ್ನ ವಾರ್ಷಿಕ ಸರ್ವಿಸ್ ಒಪ್ಪಂದದಲ್ಲಿದ್ದವು. ಇಷ್ಟು ವರ್ಷ ಕೆಲಸ ಮಾಡಿದವನಿಗೆ ಒಂದು ರೋಗ ತಗಲುತ್ತದೆ. ಗಿರಾಕಿ ಬಾಯಿ ತೆರೆಯುವ ಮೊದಲೇ ದೋಷ ಏನೆಂದು ತನಗೆ ಗೊತ್ತಾಗಿದೆ ಎಂದುಕೊಳ್ಳುವ ರೋಗ. ಈ ಕಥೆಯನ್ನು ಈಗ ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದು.

ಕೆ.ಬಿ. ಬಡಾವಣೆಯಲ್ಲಿ ಒಂದು ಲಗ್ನಪತ್ರಿಕೆ ಅಂಗಡಿ ಇತ್ತು. ಅದರ ಮಾಲೀಕರನ್ನು ಇಲ್ಲಿ ಸಾಹುಕಾರರು ಎಂದಷ್ಟೇ ಕರೆಯುತ್ತೇನೆ. ಅಜ್ಜನ ಕಾಲದಿಂದ ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಹಣೆಯ ಮೇಲೆ ಮೂರೆಳೆ ವಿಭೂತಿ, ಬಿಳಿ ಅಂಗಿ. ಕುರ್ಚಿ ಹಾಕಿಸಿಕೊಳ್ಳದೆ ಈಗಲೂ ಹತ್ತಿಯ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವವರು. ಅಂಗಡಿ ಎಂದರೆ ಲಕ್ಷ್ಮಿ ಇರುವ ಜಾಗ, ಆದ್ದರಿಂದ ಒಳಗೆ ಯಾರೂ ಚಪ್ಪಲಿ ಹಾಕುವಂತಿಲ್ಲ. ಗಿರಾಕಿಗಳೂ ಬಾಗಿಲಲ್ಲೇ ಬಿಡಬೇಕು, ನಾನೂ ಬಿಡಬೇಕು.

ಆ ಅಂಗಡಿಯಲ್ಲಿ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುತ್ತಿದ್ದವರು ಶಾರದಮ್ಮ. ಹರಿಹರ ತಾಲ್ಲೂಕಿನ ಭಾನುವಳ್ಳಿಯವರು, ವಯಸ್ಸು ನಲವತ್ತರ ಹತ್ತಿರ. ಬೆಳಿಗ್ಗೆ ಊರಿಂದ ಹರಿಹರಕ್ಕೆ ಒಂದು ಬಸ್ಸು, ಅಲ್ಲಿಂದ ದಾವಣಗೆರೆಗೆ ಇನ್ನೊಂದು. ಹನ್ನೊಂದು ವರ್ಷ ಹೀಗೆ ಬಂದುಹೋಗಿದ್ದರು. ಲಗ್ನಪತ್ರಿಕೆ ಹೊಂದಿಸುವುದನ್ನು ಹಗುರವಾಗಿ ಎಣಿಸಬೇಡಿ. ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದರೆ ಮದುವೆಯ ಮನೆಯಲ್ಲಿ ಮೂರು ದಿನ ಜಗಳ ನಡೆಯುತ್ತದೆ. ಶಾರದಮ್ಮ ಆ ಹನ್ನೊಂದು ವರ್ಷದಲ್ಲಿ ಒಂದು ಹೆಸರನ್ನೂ ತಪ್ಪಿಸಿದವರಲ್ಲ. ಯಾವ ಮನೆಯವರು ಯಾವ ದೇವರ ಹೆಸರನ್ನು ಮೇಲೆ ಹಾಕಿಸುತ್ತಾರೆ ಎಂಬುದೂ ಅವರಿಗೆ ಬಾಯಿಪಾಠವಾಗಿತ್ತು.

ಫೆಬ್ರವರಿ ಕೊನೆಗೆ ಅವರಿಂದ ಮೊದಲ ಫೋನು ಬಂತು. ಮಾನಿಟರ್ ಮೇಲೆ ಅಡ್ಡ ಗೆರೆಗಳು ಕೆಳಗಿನಿಂದ ಮೇಲಕ್ಕೆ ತೆವಳುತ್ತವೆ, ಅಕ್ಷರಗಳು ನಡುಗುತ್ತವೆ ಎಂದರು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಹೋದೆ. ಸ್ಕ್ರೀನು ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಇಂಥ ದೂರಿಗೆ ನಾವು ನೋಡುವ ಕ್ರಮ ಒಂದಿದೆ. ಮೊದಲು ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬ ಲೆಕ್ಕ. ಆಮೇಲೆ ಸಿಪಿಯುವಿನಿಂದ ಮಾನಿಟರಿಗೆ ಚಿತ್ರ ಒಯ್ಯುವ ಕೇಬಲ್. ಆಮೇಲೆ ಡ್ರೈವರ್ ಎಂಬ ತಂತ್ರಾಂಶ, ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಮಾನಿಟರ್. ಅಲ್ಲಿದ್ದದ್ದು ಹಳೆಯ ಬಗೆಯ ವಿಜಿಎ ಕೇಬಲ್. ಅದನ್ನು ಬದಲಿಸಿ ಎದ್ದೆ.

ಶಾರದಮ್ಮ ಮೆಲ್ಲಗೆ ಹೇಳಿದರು. “ಸರ್, ಬೆಳಿಗ್ಗೆ ಬರಲ್ಲರಿ ಅದು. ಮೂರು ಗಂಟಿಗೆ ಬರ್ರಿ. ಆಗ ಗೆರೆನೂ ಬರ್ತಾವು, ಸಿಪಿಯು ಮುಟ್ಟಿದ್ರ ಕೈನೂ ಜುಮ್ ಅಂತೈತೆ.”

ಮೂರು ಗಂಟೆಗೆ ನನಗೆ ಬೇರೆ ಕಡೆ ಕೆಲಸವಿತ್ತು. ನನಗೆ ಯಾವಾಗಲೂ ಬೇರೆ ಕಡೆ ಕೆಲಸವಿರುತ್ತಿತ್ತು. ಜುಮ್ ಎನ್ನುವುದು ಎಲ್ಲ ಕಂಪ್ಯೂಟರಿನಲ್ಲೂ ಸ್ವಲ್ಪ ಇರುತ್ತದೆ ಎಂದು ದೊಡ್ಡ ಪಂಡಿತನ ಹಾಗೆ ಹೇಳಿ ಹೊರಟುಬಿಟ್ಟೆ.

ಎರಡನೇ ಸಲ ಹೋದದ್ದೂ ಬೆಳಿಗ್ಗೆಯೇ. ಡ್ರೈವರ್ ಹೊಸದು ಹಾಕಿದೆ, ನನ್ನ ಅಂಗಡಿಯಿಂದ ಬೇರೆ ಮಾನಿಟರ್ ತಂದಿಟ್ಟೆ. ಅವತ್ತು ಶಾರದಮ್ಮನ ಕಾಲ ಕೆಳಗೆ ಮಡಿಸಿದ ಗೋಣಿಚೀಲವೊಂದು ಇತ್ತು. ಯಾಕೆ ಎಂದು ಕೇಳಿದ್ದಕ್ಕೆ, ಅದರ ಮೇಲೆ ಕಾಲಿಟ್ಟರೆ ಜುಮ್ ಎನ್ನುವುದು ಕಡಿಮೆಯಾಗುತ್ತದೆ ಎಂದರು. ಇಪ್ಪತ್ತಾರು ವರ್ಷದ ಅನುಭವಿಯ ತಲೆಯಲ್ಲಿ ಗಂಟೆ ಹೊಡೆಯಬೇಕಾದ ಮಾತು ಅದು. ಹೊಡೆಯಲಿಲ್ಲ.

ಈ ನಡುವೆ ಒಂದು ಅನಾಹುತವಾಯಿತು. ಒಂದು ಮದುವೆ ಪತ್ರಿಕೆಯಲ್ಲಿ ಮುಹೂರ್ತ 10.35 ಆಗಬೇಕಾದದ್ದು 10.05 ಎಂದು ಅಚ್ಚಾಯಿತು. ಐನೂರು ಪತ್ರಿಕೆ ಲ್ಯಾಮಿನೇಶನ್ ಆಗಿ ಕಟ್ಟು ಕಟ್ಟಿದ ಮೇಲೆ ಹುಡುಗಿಯ ತಂದೆ ಕಂಡುಹಿಡಿದರು. ನಡುಗುವ ಪರದೆಯಲ್ಲಿ ಮೂರಕ್ಕೂ ಸೊನ್ನೆಗೂ ವ್ಯತ್ಯಾಸ ಕಾಣಲಿಲ್ಲ ಎಂದು ಶಾರದಮ್ಮ ಹೇಳಿದರು. ಸಾಹುಕಾರರು ಗಾದಿಯ ಮೇಲಿಂದಲೇ ಎಲ್ಲರೆದುರು ಕೂಗಾಡಿದರಂತೆ. ಗಿರಾಕಿಗಳು ನೋಡಿದರೆ ಅಂಗಡಿಗೆ ಅವಲಕ್ಷಣ ಎಂದು ಗೋಣಿಚೀಲವನ್ನೂ ಬೀದಿಗೆ ಎಸೆಸಿದರಂತೆ.

ಮೂರನೇ ಸಲ ಸಾಹುಕಾರರೇ ಫೋನು ಮಾಡಿ ಕರೆಸಿದರು. ಮತ್ತೆ ಬೆಳಿಗ್ಗೆ. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಒರೆಸಿ, ಹಾಕಿದೆ. ಅರ್ಧ ಗಂಟೆ ನೋಡಿದೆ, ಒಂದು ಗೆರೆಯೂ ಬರಲಿಲ್ಲ.

“ನೋಡ್ರಿ, ಏನೂ ಇಲ್ಲ” ಎಂದರು ಸಾಹುಕಾರರು. “ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತೆ. ಕಣ್ಣು ಹೋಗ್ಯಾವು, ಅದನ್ನ ಒಪ್ಪಿಕೊಳ್ಳಾಕ ಆಗಂಗಿಲ್ಲ ಈಕಿಗೆ.”

ನಾನು ನಕ್ಕೆ. ಹೌದು, ನಕ್ಕೆ. ಅಷ್ಟೇ ಅಲ್ಲ, “ಒಮ್ಮೆ ಕಣ್ಣು ತೋರಿಸ್ಕೊಳ್ರಿ ಶಾರದಮ್ಮಾರ” ಎಂದು ಪುಕ್ಕಟೆ ಸಲಹೆಯನ್ನೂ ಕೊಟ್ಟೆ. ಅವರು ಕೀಬೋರ್ಡ್ ಎಳೆದುಕೊಂಡು ಮುಂದಿನ ಪತ್ರಿಕೆ ಶುರುಮಾಡಿದರು. ಸಾಹುಕಾರರು ರಿಪೋರ್ಟ್ ಕೇಳಿದರು. ನಮ್ಮ ಸರ್ವಿಸ್ ರಿಪೋರ್ಟ್ ಪುಸ್ತಕದಲ್ಲಿ ಮೊದಲೇ ಅಚ್ಚು ಹಾಕಿಸಿದ ಒಂದು ಸಾಲಿತ್ತು, ‘ದೋಷ ಕಂಡುಬಂದಿಲ್ಲ’. ಇಂಗ್ಲಿಷಿನಲ್ಲಿ ನೋ ಫಾಲ್ಟ್ ಫೌಂಡ್ ಅನ್ನುತ್ತೇವೆ. ಅದರ ಮುಂದೆ ಟಿಕ್ ಹಾಕಿ, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟೆ.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಶಾರದಮ್ಮ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕೂಡ್ರಿ ಎಂದರೆ ಕೂಡಲಿಲ್ಲ. ಚೀಲದಿಂದ ನನ್ನದೇ ರಿಪೋರ್ಟಿನ ಜೆರಾಕ್ಸ್ ತೆಗೆದು ಟೇಬಲ್ ಮೇಲಿಟ್ಟರು.

“ಇದನ್ನ ತೋರಿಸಿ ನನ್ನ ಮನಿಗೆ ಕಳಿಸಿದ್ರು. ಕಂಪ್ಯೂಟರ್ ಬರೋಬ್ಬರಿ ಐತೆ, ಇಂಜಿನಿಯರ್ರೇ ಬರ್ಕೊಟ್ಟಾರ, ತಪ್ಪೆಲ್ಲ ನಿಂದೇ ಅಂದ್ರು. ಬ್ಯಾರೆ ಎರಡು ಕಾರ್ಡಂಗಡಿಗೆ ಹೋದೆ. ಅಲ್ಲಿಗೂ ಸುದ್ದಿ ಮುಟ್ಟೈತೆ. ಕಣ್ಣು ಕಾಣಲ್ಲಂತಲ್ಲ ನಿಮಗ ಅಂತಾರ.”

ಕಣ್ಣಿನ ಡಾಕ್ಟರ ಚೀಟಿಯನ್ನೂ ಮುಂದಿಟ್ಟರು. ಎರಡೂ ಕಣ್ಣು ಸರಿಯಾಗಿದ್ದವು. ಅದರ ಮೇಲೆ ಒಂದು ನೋಟುಬುಕ್ ಇಟ್ಟರು. ಪತ್ರಿಕೆಯ ಮಾದರಿಗಳನ್ನು ಬರೆದುಕೊಳ್ಳುವ ಪುಸ್ತಕ. ಅದರ ಹಿಂದಿನ ಹಾಳೆಗಳಲ್ಲಿ ದಿನ, ಗಂಟೆ ಹಾಕಿ ಬರೆದಿದ್ದರು. ‘3.10, ಗೆರೆ ಶುರು, ಲ್ಯಾಮಿನೇಶನ್ ಮಿಶನ್ ಚಾಲೂ.’ ‘4.40, ಮಿಶನ್ ಬಂದ್, ಗೆರೆ ಹೋತು.’ ‘ನೆಲ ಒರೆಸಿದ ಮೇಲೆ ಜುಮ್ ಜಾಸ್ತಿ.’ ಹೀಗೆ ಹದಿನೇಳು ದಿನದ ದಾಖಲೆ. ನಾನು ಮಾಡಬೇಕಾಗಿದ್ದ ಕೆಲಸವನ್ನು ಆ ಹೆಂಗಸು ಕೈ ಜುಮ್ಮೆನ್ನಿಸಿಕೊಂಡು ಮಾಡಿ ಮುಗಿಸಿದ್ದರು. ನಾನು ಅದರ ಮೇಲೆ ಮೊಹರು ಒತ್ತಿ ಅವರ ಅನ್ನ ಕಿತ್ತಿದ್ದೆ.

“ಇದನ್ನ ಮೊದಲೇ ಯಾಕ ತೋರಿಸ್ಲಿಲ್ರಿ?” ಎಂದೆ. ನಾಚಿಕೆಯಿಲ್ಲದ ಪ್ರಶ್ನೆ.

“ತೋರ್ಸಾಕ ನೀವು ಕೂತ್ರೇನ್ರಿ?” ಎಂದರು.

ಅವತ್ತೇ ಮೂರು ಗಂಟೆಗೆ ಸಾಹುಕಾರರ ಅಂಗಡಿಗೆ ಹೋದೆ. ಜೊತೆಗೆ ಬಂದಿದ್ದ ಶಾರದಮ್ಮ ಒಳಗೆ ಬರಲೊಲ್ಲೆ ಎಂದು ಎದುರಿನ ಕಟ್ಟೆಯ ಮೇಲೆ ಕೂತರು. ಬಾಗಿಲಲ್ಲಿ ಶೂ ಬಿಟ್ಟು, ಯಾವಾಗಲೂ ಹಾಕಿಕೊಂಡೇ ಇರುತ್ತಿದ್ದ ದಪ್ಪ ಕಾಲುಚೀಲವನ್ನು ಮೊದಲ ಸಲ ನೋಡಿಕೊಂಡೆ. ಒಳಗೆ ಲ್ಯಾಮಿನೇಶನ್ ಯಂತ್ರ ಓಡುತ್ತಿತ್ತು. ಪತ್ರಿಕೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಂಟಿಸುವ ಯಂತ್ರ, ಒಳಗೆ ಹೀಟರ್ ಇರುತ್ತದೆ. ಪತ್ರಿಕೆ ಹೊಂದಿಸುವುದು ದಿನವಿಡೀ, ಲ್ಯಾಮಿನೇಶನ್ ಮಾತ್ರ ಮಧ್ಯಾಹ್ನದ ಮೇಲೆ, ಅದು ಆ ಅಂಗಡಿಯ ಪದ್ಧತಿ. ಯಂತ್ರದ ಮುಂದೆ ನಿಲ್ಲುವವನ ಕಾಲ ಕೆಳಗೆ ಮರದ ಹಲಗೆ. ಸಾಹುಕಾರರ ಕೆಳಗೆ ಹತ್ತಿಯ ಗಾದಿ. ಕಾಲುಚೀಲ, ಹಲಗೆ, ಗಾದಿ ಮೂರೂ ಕರೆಂಟನ್ನು ಮೈಯಿಂದ ನೆಲಕ್ಕೆ ಇಳಿಯಗೊಡುವುದಿಲ್ಲ. ಆ ಅಂಗಡಿಯಲ್ಲಿ ದಿನವಿಡೀ ಬರಿಗಾಲನ್ನು ನೆಲಕ್ಕೆ ಊರಿ ಕೂರುತ್ತಿದ್ದವರು ಶಾರದಮ್ಮ ಒಬ್ಬರೇ.

ಶಾರದಮ್ಮನ ಕುರ್ಚಿ ಖಾಲಿಯಿತ್ತು. ಮಾನಿಟರಿನಲ್ಲಿ ಗೆರೆಗಳು ತೆವಳುತ್ತಿದ್ದವು, ಒಂದರ ಹಿಂದೆ ಒಂದು, ಅವರು ಹೇಳಿದ ಹಾಗೆಯೇ. ಸಿಪಿಯುವಿನ ತಗಡಿಗೆ ಟೆಸ್ಟರ್ ಹಚ್ಚಿದೆ, ಅದರ ದೀಪ ಹತ್ತಿತು. ಮಲ್ಟಿಮೀಟರ್ ತೆಗೆದು ಪ್ಲಗ್ ಪಾಯಿಂಟಿನ ಅರ್ಥ್ ತೂತಿಗೂ ನ್ಯೂಟ್ರಲ್ಲಿಗೂ ನಡುವೆ ಅಳತೆ ಮಾಡಿದೆ. ಎರಡು ಮೂರು ವೋಲ್ಟ್ ಇರಬೇಕಾದಲ್ಲಿ 168 ತೋರಿಸಿತು. ಲ್ಯಾಮಿನೇಶನ್ ಪ್ಲಗ್ ಕೀಳಿಸಿದೆ. ವೋಲ್ಟೇಜು ಒಮ್ಮೆಲೇ ಇಳಿಯಿತು, ಗೆರೆಗಳು ಹೋದವು.

ಅರ್ಥಿಂಗ್ ಎಂದರೇನು ಎಂದು ಸ್ವಲ್ಪ ಹೇಳಬೇಕು. ಕಟ್ಟಡದ ಪಕ್ಕದಲ್ಲಿ ಆಳವಾಗಿ ಗುಂಡಿ ತೆಗೆದು, ಪೈಪು ಇಳಿಸಿ, ಸುತ್ತ ಉಪ್ಪು, ಇದ್ದಿಲು ತುಂಬುತ್ತಾರೆ. ಯಾವುದೇ ಯಂತ್ರದ ಮೈಗೆ ಕರೆಂಟು ಸೋರಿದರೆ ಮೂರನೇ ಪಿನ್ನಿನ ತಂತಿ ಹಿಡಿದು ಆ ಗುಂಡಿಗೆ ಹೋಗಿ ಮಣ್ಣು ಸೇರುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ಆ ದಾರಿ ಮುಚ್ಚಿಹೋದರೆ ಒಂದು ಯಂತ್ರದಲ್ಲಿ ಸೋರಿದ ಕರೆಂಟು ಅದೇ ತಂತಿ ಹಿಡಿದು ಉಳಿದೆಲ್ಲ ಯಂತ್ರಗಳ ಮೈಗೂ ಬರುತ್ತದೆ. ಇಲ್ಲಿ ಹೀಟರಿನಲ್ಲಿ ಸೋರಿದ್ದು ಸಿಪಿಯುವಿಗೆ ಬಂದಿತ್ತು, ವಿಜಿಎ ಕೇಬಲ್ಲಿಗೂ ನುಗ್ಗಿ ಚಿತ್ರವನ್ನು ಕಲಕಿತ್ತು. ಗೆರೆಗಳು ಬರೀ ಗೆರೆಗಳಾಗಿರಲಿಲ್ಲ, ಅಪಾಯದ ಮುನ್ಸೂಚನೆಯಾಗಿದ್ದವು. ಒಂದು ದಿನ ಒದ್ದೆ ನೆಲದ ಮೇಲೆ ಕಾಲಿಟ್ಟು ಸಿಪಿಯು ಮುಟ್ಟಿದ್ದರೆ ಶಾರದಮ್ಮ ಎದ್ದೇಳುತ್ತಿರಲಿಲ್ಲ.

ಅರ್ಥಿಂಗ್ ನೋಡುವುದು ನಮ್ಮ ಕೆಲಸದ ಒಂದನೇ ಪಾಠ. ಮೂರು ಸಲ ಹೋಗಿಯೂ ನಾನು ಯಾಕೆ ನೋಡಲಿಲ್ಲ? ಎಂಟು ವರ್ಷದ ಹಿಂದೆ ಆ ಗುಂಡಿಯನ್ನು ಮುಂದೆ ನಿಂತು ತೆಗೆಸಿದವನೇ ನಾನು. ನಾನು ತೆಗೆಸಿದ್ದು ಎಲ್ಲಿ ಹೋಗುತ್ತದೆ ಎಂಬ ಧಿಮಾಕು.

ಹಿತ್ತಲಿಗೆ ಹೋದೆ. ಗುಂಡಿ ಇದ್ದ ಮೂಲೆಯಲ್ಲಿ ಹೊಸ ಗ್ರಾನೈಟ್ ಕಲ್ಲು ಹಾಸಿತ್ತು. ಅದರ ಮೇಲೆ ಆಳೆತ್ತರ ಕಾಗದದ ಬಂಡಲುಗಳು. ಗೋಡೆಯಿಂದ ಗುಂಡಿಗೆ ಇಳಿದಿದ್ದ ಲೋಹದ ಅರ್ಥ್ ಪಟ್ಟಿಯನ್ನು ಕಲ್ಲಿಗೆ ಸಮನಾಗಿ ಕತ್ತರಿಸಿ ಸಿಮೆಂಟು ಮೆತ್ತಿದ್ದರು.

“ಇದನ್ನ ಯಾರ್ರಿ ಮುಚ್ಚಿಸಿದ್ದು?” ನನ್ನ ದನಿ ಏರಿತ್ತು.

ಸಾಹುಕಾರರು ಗಾದಿ ಬಿಟ್ಟು ಏಳದೆ ಹೇಳಿದರು. “ಸಂಕ್ರಾಂತಿ ಮುಂದ ನನಗ ಎದಿನೋವು ಬಂದು ಆಸ್ಪತ್ರೆ ಸೇರಿದ್ದೆ, ಗೊತ್ತಲ್ಲ ನಿಮಗ. ಆಮ್ಯಾಲೆ ವಾಸ್ತುದವ್ರನ್ನ ಕರೆಸಿದ್ವಿ. ನೈರುತ್ಯದಾಗ ಗುಂಡಿ ಇರಬಾರ್ದು, ಯಜಮಾನಗ ಕೇಡು, ಅಲ್ಲಿ ಭಾರ ಇಡ್ರಿ ಅಂದ್ರು. ಮುಚ್ಚಿಸಿದೆ. ಅವತ್ತಿಂದ ಎದಿನೋವು ಬಂದಿಲ್ಲ. ಅದನ್ನ ಮಾತ್ರ ತೆಗಿ ಅನ್ನಬ್ಯಾಡ್ರಿ.”

ಸಾವಿನ ಬಾಗಿಲು ನೋಡಿ ಬಂದ ಮನುಷ್ಯ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಇವರ ಎದೆನೋವಿಗೆ ಭಾನುವಳ್ಳಿಯ ಹೆಂಗಸು ಕರೆಂಟು ಹೊಡೆಸಿಕೊಳ್ಳಬೇಕಿತ್ತೆ? ಗುಂಡಿ ಯಾತಕ್ಕಿದೆ ಎಂದು ಒಂದು ಮಾತು ಕೇಳಬಾರದಿತ್ತೆ? ಆ ವಾಸ್ತುಪಂಡಿತನಿಗಾದರೂ ಗೋಡೆಗುಂಟ ಇಳಿದ ಪಟ್ಟಿ ಕಣ್ಣಿಗೆ ಬೀಳಲಿಲ್ಲವೆ? ಮಾತಿನಲ್ಲಿ ಹೇಳಿದರೆ ಇವರಿಗೆ ತಲುಪುವುದಿಲ್ಲ ಎನಿಸಿತು.

ಬ್ಯಾಗಿನಲ್ಲಿ ಹೋಲ್ಡರಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪ್ ಇತ್ತು, ಜೀರೋ ಬಲ್ಬಿನದು. ಒಂದು ತಂತಿಯನ್ನು ಸಿಪಿಯುವಿನ ತಗಡಿಗೆ ಸಿಕ್ಕಿಸಿದೆ. ಇನ್ನೊಂದನ್ನು ಕೈತೊಳೆಯುವ ಜಾಗದ ಕಬ್ಬಿಣದ ನಲ್ಲಿಗೆ ಕಟ್ಟಿದೆ. ಎಲ್ಲರನ್ನೂ ದೂರ ನಿಲ್ಲಿಸಿ ಲ್ಯಾಮಿನೇಶನ್ ಯಂತ್ರ ಚಾಲೂ ಮಾಡಿಸಿದೆ. ಬಲ್ಬು ಹತ್ತಿಕೊಂಡಿತು. ಮಂಕಾಗಿ, ಆದರೆ ಗಾದಿಯ ಮೇಲೆ ಕೂತವರಿಗೂ ಕಾಣುವಷ್ಟು.

“ಇದು ಮೇನ್ ಲೈನಿಗೆ ಹಚ್ಚಿದ್ದಲ್ಲ ಸಾಹುಕಾರ್ರೆ, ಕಂಪ್ಯೂಟರಿನ ಡಬ್ಬಿಗೆ ಹಚ್ಚಿದ್ದು” ಎಂದೆ. “ಈಗ ನಲ್ಲಿ ಇರೋ ಜಾಗದಾಗ ಶಾರದಮ್ಮನ ಕಾಲು ಇತ್ತು. ಬಲ್ಬ್ ಇರೋ ಜಾಗದಾಗ ಅವ್ರ ಎದಿ ಇತ್ತು.”

ಸಾಹುಕಾರರ ಕೈ ತಾನಾಗಿ ತಮ್ಮ ಎದೆಯ ಮೇಲೆ ಹೋಯಿತು. ಯಂತ್ರ ಬಂದ್ ಮಾಡಿ ಎಂದರು. ಗಾದಿಯಿಂದ ಇಳಿಯುವ ಮೊದಲು ನೆಲವನ್ನು ಒಮ್ಮೆ ನೋಡಿದರು. ಹನ್ನೊಂದು ವರ್ಷ ಬೇರೆಯವರನ್ನು ಬರಿಗಾಲಲ್ಲಿ ಕೂರಿಸಿದ ನೆಲ ಅದು.

ಆಗಲೂ ನೈರುತ್ಯದ ಗುಂಡಿ ತೆಗೆಸಲು ಅವರ ಮನಸ್ಸು ಒಪ್ಪಲಿಲ್ಲ. “ಈಶಾನ್ಯದಾಗ ಗುಂಡಿ ಇದ್ರ ನಿಮ್ಮ ವಾಸ್ತುಗೆ ತಕರಾರಿಲ್ಲ ಹೌದಿಲ್ಲೋ? ಅಲ್ಲೇ ತೆಗೆಸ್ರಿ. ಕರೆಂಟಿಗೆ ದಿಕ್ಕಿನ ಹಂಗಿಲ್ಲ, ಮಣ್ಣು ಸಿಕ್ಕರೆ ಸಾಕು” ಎಂದೆ. ಅದಕ್ಕೆ ಒಪ್ಪಿದರು. ಹೊಸ ಗುಂಡಿಯಾಗುವವರೆಗೆ ಅಂಗಡಿಯ ಮೇನ್ ಸ್ವಿಚ್ಚು ಹಾಕಬಾರದು ಎಂದು ಬರೆದು ಸಹಿ ಮಾಡಿಸಿಕೊಂಡೆ. ಮದುವೆ ಸೀಸನ್ನಿನ ನಡುವೆ ನಾಲ್ಕು ದಿನ ಅಂಗಡಿ ಬಂದ್ ಆಯಿತು. ಹರಿಹರದಿಂದ ಬಂದ ಎಲೆಕ್ಟ್ರಿಷಿಯನ್ ಗುಂಡಿ ತೆಗೆದು ಪೈಪು ಇಳಿಸಿದ. ಲ್ಯಾಮಿನೇಶನ್ ಯಂತ್ರದ ಹೀಟರ್ ಬದಲಾಯಿಸಿದರು. ಕರೆಂಟು ಸೋರಿದರೆ ಕೂಡಲೇ ಲೈನು ಕಡಿಯುವ ಇಎಲ್‌ಸಿಬಿ ಎಂಬ ಸ್ವಿಚ್ಚನ್ನೂ ಹಾಕಿಸಿದೆ. ಗೆರೆಗಳು ಮತ್ತೆ ಬರಲಿಲ್ಲ.

ಬಲ್ಬು ಹತ್ತಿಸಿದ ಆ ಸಂಜೆಯೇ ಸಾಹುಕಾರರು ರಸ್ತೆ ದಾಟಿ ಕಟ್ಟೆಯ ಹತ್ತಿರ ಹೋದರು. “ಆಗಿದ್ದಾತು ಶಾರದಮ್ಮ, ಗುಂಡಿ ಕೆಲಸ ಮುಗೀಲಿ, ಕೆಲಸಕ್ಕ ಬಾ” ಎಂದರು.

“ನನ್ನ ಕಣ್ಣು ಹೋಗ್ಯಾವು ಅಂತ ಊರೆಲ್ಲ ಹೇಳಿದ್ರಲ್ಲರಿ. ಈಗ ಬರಲ್ಲರಿ ನಾನು” ಎಂದರು ಶಾರದಮ್ಮ. “ಗೋಣಿಚೀಲ ಬೀದಿಗೆ ಎಸೆಸಿದ್ರಲ್ಲ, ಅವತ್ತೇ ಮುಗೀತು.”

ಆಮೇಲೆ ನನ್ನ ಕಡೆ ತಿರುಗಿದರು. ಅವರಿಗೆ ಬೇಕಾಗಿದ್ದದ್ದು ಒಂದೇ. “ನೀವು ಬರ್ಕೊಟ್ಟ ಚೀಟಿ ಸುಳ್ಳು ಅಂತ ಇನ್ನೊಂದು ಚೀಟಿ ಬರ್ಕೊಡ್ರಿ.”

ಕಟ್ಟೆಯ ಮೇಲೇ ಕೂತು ಬರೆದೆ. ಲ್ಯಾಮಿನೇಶನ್ ಯಂತ್ರದ ಸೋರಿಕೆ, ಕತ್ತರಿಸಿದ ಅರ್ಥ್ ಪಟ್ಟಿ, 168 ವೋಲ್ಟ್, ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ಅವರು ನಿಧಾನವಾಗಿ ಪೂರ್ತಿ ಓದಿದರು. ಹನ್ನೊಂದು ವರ್ಷ ಪ್ರೂಫ್ ನೋಡಿದ ಕಣ್ಣು, ಒಂದಕ್ಷರ ಬಿಡಲಿಲ್ಲ.

“ಇಷ್ಟ ಸಾಲದುರಿ. ನಾನು ಮೊದಲ ದಿನನೇ ಹೇಳಿದ್ದೆ. ಅದನ್ನೂ ಬರೀರಿ.”

ಅದು ನನ್ನ ಅಂಗಡಿಯ ಹೆಸರಿರುವ ಕಾಗದ, ಊರಿನ ಎಲ್ಲ ಕಾರ್ಡಂಗಡಿಗಳಲ್ಲೂ ಓದಿಸಿಕೊಳ್ಳಲಿರುವ ಕಾಗದ. ಆದರೂ ಬರೆದೆ. ‘ಈ ದೋಷವನ್ನು ಆಪರೇಟರ್ ಶಾರದಮ್ಮನವರು ಮೊದಲ ದಿನವೇ ಸರಿಯಾಗಿ ತಿಳಿಸಿದ್ದರು. ನಾನು ಕೇಳಲಿಲ್ಲ.’ ಮೊಹರನ್ನೂ ಒತ್ತಿದೆ.

ಆ ಚೀಟಿ ತೋರಿಸಿಯೇ ಅವರು ಹರಿಹರದ ಒಂದು ಪ್ರೆಸ್ಸಿನಲ್ಲಿ ಕೆಲಸ ಹಿಡಿದರು. ಈಗ ಒಂದು ಬಸ್ಸು ಸಾಕು. ಆ ಪ್ರೆಸ್ಸಿನಲ್ಲಿ ಚಪ್ಪಲಿ ಹಾಕಿಕೊಂಡೇ ಕೂರುತ್ತಾರೆ. ನನ್ನ ರಿಪೋರ್ಟ್ ಪುಸ್ತಕ ಮರುಮುದ್ರಣಕ್ಕೆ ಹೋದಾಗ ‘ದೋಷ ಕಂಡುಬಂದಿಲ್ಲ’ ಎಂಬ ಸಾಲನ್ನು ತೆಗೆಸಿಹಾಕಿದೆ. ಅದರ ಜಾಗದಲ್ಲಿ ಈಗ ‘ನಾನು ಇದ್ದಷ್ಟು ಹೊತ್ತು ನನಗೆ ಕಾಣಲಿಲ್ಲ’ ಎಂದಿದೆ. ಈ ಕಸುಬು ನನಗೆ ಕಲಿಸಿದ್ದು ಆ ಎರಡು ಸಾಲುಗಳ ನಡುವಿನ ವ್ಯತ್ಯಾಸವನ್ನು. ಕಲಿಯುವುದಕ್ಕೆ ಇಪ್ಪತ್ತಾರು ವರ್ಷ ಹಿಡಿಯಿತು. ಅದನ್ನು ಕಲಿಸಲು ಒಬ್ಬರ ಜೀವವೇ ಹೋಗುವುದರಲ್ಲಿತ್ತು ಎಂಬುದನ್ನು ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಹರಿಹರದ ಆ ಪ್ರೆಸ್ಸಿನ ಸರ್ವಿಸ್ ಕೆಲಸವನ್ನೂ ಈಗ ನಾನೇ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಶಾರದಮ್ಮ ಫೋನು ಮಾಡಿದ್ದರು. ಪ್ರಿಂಟರ್ ನಡುನಡುವೆ ನಿಲ್ಲುತ್ತಿದೆಯಂತೆ. ಬೆಳಿಗ್ಗೆ ಬರುತ್ತೇನೆ ಎಂದೆ.

“ಬೆಳಿಗ್ಗೆ ಬ್ಯಾಡ್ರಿ ಸರ್, ಆಗ ಬರೋಬ್ಬರಿ ಇರ್ತೈತೆ. ಮೂರು ಗಂಟಿಗೆ ಬರ್ರಿ” ಎಂದರು.

ಎರಡೂ ಮುಕ್ಕಾಲಿಗೇ ಹೋಗಿ ಬಾಗಿಲಲ್ಲಿ ನಿಂತಿದ್ದೆ.